ಹಿಟ್ಟೋ ಮುದ್ದೆಯೋ: ನಮ್ಮ ವಿಕಿಯಿಂದ ಬಾಟ್‌ಗಳನ್ನು ಹೊರಗಿಟ್ಟ ನನ್ನ ಅನುಭವ

ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳ ಕೆರೆ, ಶಾಸನ, ವೀರಗಲ್ಲುಗಳ ವಿವರವನ್ನು ಆಯಾ ಊರಿನವರೇ ಬರೆದು ತಿದ್ದುವಂತೆ ನಾವು ಐದಾರು ಮಂದಿ ಸೇರಿ ವಿಕಿಪೀಡಿಯಾವನ್ನು ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯಲ್ಲಿ ಒಂದು ಸಣ್ಣ ತಾಣ ನಡೆಸುತ್ತಿದ್ದೇವೆ. ಶಾಸನತಜ್ಞ ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ನಮೂದಾಗಿರುವ ಕಲ್ಲು ಈಗ ದೇವಸ್ಥಾನದ ಅಂಗಳದಲ್ಲಿದೆಯೋ, ಕೆರೆ ಏರಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲಾಗಿದೆಯೋ ಎಂದು ಹುಡುಕಿ ದಾಖಲಿಸುವುದೇ ನಮ್ಮ ಮುಖ್ಯ ಕೆಲಸ. ನಾವು ಬರೆದ ಪುಟಗಳು ಏಳುನೂರರಷ್ಟಾದಾಗ, ತಾವಾಗಿಯೇ ಜಾಹೀರಾತು ತುಂಬುವ ಪ್ರೋಗ್ರಾಂಗಳಾದ ಬಾಟ್‌ಗಳು ಬರೆದ ಪುಟಗಳು ಹನ್ನೊಂದು ಸಾವಿರ ದಾಟಿದ್ದವು. ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿ ಇದನ್ನು ನಿಲ್ಲಿಸುತ್ತೇನೆ ಎಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಈಗ ತಿಂಗಳಿಗೆ ಎರಡೋ ಮೂರೋ ಸ್ಪ್ಯಾಮ್ ಬರುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲ ಸೋಲುಗಳನ್ನು ಬೇಗ ಮುಗಿಸುತ್ತೇನೆ. ಅನಾಮಧೇಯ ಸಂಪಾದನೆಯನ್ನು ಮುಚ್ಚಿದೆ. ಬಾಟ್‌ಗಳು ಖಾತೆ ತೆರೆದವು. ಇಮೇಲ್ ದೃಢೀಕರಣ ಕಡ್ಡಾಯ ಮಾಡಿದೆ. ಅವು ಇಮೇಲನ್ನೂ ದೃಢೀಕರಿಸಿದವು. ನಿಷೇಧಿತ ಪದಗಳ ಪಟ್ಟಿ ಮಾಡಿದೆ; ರೋಮನ್ ಲಿಪಿಯಲ್ಲಿ ‘ಸ್ಪೆಷಲಿಸ್ಟ್’ ಎಂದು ಬರೆದರೆ ಅದರ ಹೊಟ್ಟೆಯಲ್ಲಿ ‘ಸಿಯಾಲಿಸ್’ ಎಂಬ ಮಾತ್ರೆಯ ಹೆಸರು ಅಡಗಿರುತ್ತದೆ ಎಂಬುದನ್ನು, ನಿವೃತ್ತ ವೈದ್ಯರೊಬ್ಬರ ಪುಟ ಮೂರು ಬಾರಿ ತಿರಸ್ಕೃತವಾದ ಮೇಲೆ ಕಂಡುಕೊಂಡೆ. ಹೊರಗಿನ ಕೊಂಡಿಗಳಿಗೆಲ್ಲ ಮೀಡಿಯಾವಿಕಿ ತಾನಾಗಿಯೇ, ಈ ಕೊಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಹುಡುಕುತಾಣಗಳಿಗೆ ಹೇಳುವ ‘ನೋಫಾಲೋ’ ಗುರುತನ್ನು ಹಚ್ಚುವುದರಿಂದ ಅವುಗಳಿಗೆ ನಮ್ಮಿಂದ ಲಾಭವಿಲ್ಲ ಎಂದು ಕೆಲವರು ಸಮಾಧಾನ ಹೇಳಿದರು, ಆದರೆ ಒಂದು ಪುಟ ಹೆಚ್ಚಿಗೆ ಬರೆಯಲು ಖರ್ಚೇ ಇಲ್ಲದ ಯಂತ್ರ ಲಾಭದ ಲೆಕ್ಕವನ್ನೇಕೆ ಹಾಕೀತು?

ಐಪಿ, ಅಂದರೆ ಅಂತರಜಾಲ ವಿಳಾಸಗಳ ತಡೆಯಲ್ಲಿ ಮಾಡಿಕೊಂಡ ಎಡವಟ್ಟು ಇದಕ್ಕಿಂತ ದೊಡ್ಡದು. ಒಂದೊಂದೇ ವಿಳಾಸ ತಡೆದು ಬೇಸತ್ತು, ಒಂದು ರಾತ್ರಿ ದೊಡ್ಡ ದೊಡ್ಡ ಶ್ರೇಣಿಗಳನ್ನೇ ಮುಚ್ಚಿಬಿಟ್ಟೆ. ಮೊಬೈಲ್ ಜಾಲಗಳಲ್ಲಿ ಸಾವಿರಾರು ಜನ ಒಂದೇ ಐಪಿಯನ್ನು ಹಂಚಿಕೊಳ್ಳುತ್ತಾರೆಂಬುದು ತಿಳಿಯದ ವಿಷಯವಲ್ಲ, ಆದರೆ ರಾತ್ರಿ ಎರಡು ಗಂಟೆಗೆ ಅದು ನೆನಪಿಗೆ ಬರಲಿಲ್ಲ. ಗುಬ್ಬಿಯ ನಮ್ಮ ಮೇಷ್ಟ್ರು, ನಿಟ್ಟೂರಿನ ಕಡೆಯ ಶಾಸನಗಳನ್ನೆಲ್ಲ ಒಬ್ಬರೇ ಏರಿಸಿದವರು, ಮೂರು ವಾರ ಒಳಗೆ ಬರಲಾಗದೆ, ನಮಗೆ ಅವರ ಬರಹ ಬೇಡವಾಗಿದೆ ಎಂದೇ ಭಾವಿಸಿದ್ದರು. ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ.

ಹಣದ ಲೆಕ್ಕವನ್ನೂ ಹೇಳಬೇಕು. ತಿಂಗಳಿಗೆ ಐನೂರು ರೂಪಾಯಿಯ ಸರ್ವರ್, ಡಿಸ್ಕ್ ತುಂಬಿದ್ದರಿಂದ ಸಾವಿರದ ನೂರರ ಯೋಜನೆಗೆ ಏರಿತು. ಎಂಟು ತಿಂಗಳು ಹಾಗೇ ಕೊಟ್ಟೆವು. ಸ್ಪ್ಯಾಮ್ ಅಳೆದು ಅಂಕ ಕೊಡುವ ಒಂದು ವಿದೇಶಿ ಸೇವೆಗೆ ತಿಂಗಳಿಗೆ ಸುಮಾರು ಎಂಟುನೂರರಂತೆ ಏಳು ತಿಂಗಳು ಕಟ್ಟಿದೆವು. ಅದು ಮೊಬೈಲಿನಿಂದ ಕನ್ನಡದಲ್ಲಿ ಬರೆದವರನ್ನೇ ಹೆಚ್ಚಾಗಿ ಅನುಮಾನಿಸುತ್ತಿತ್ತು. ಸಲಹೆಗಾರರೊಬ್ಬರು ಆರು ಸಾವಿರ ಪಡೆದು ಚಿತ್ರ ಗುರುತಿಸುವ ಕ್ಯಾಪ್ಚಾ ಹಾಕಿಕೊಟ್ಟರು. ಕ್ಯಾಪ್ಚಾ ಬಿಡಿಸಿಕೊಡಲೆಂದೇ ಕೂಲಿಗೆ ಜನ ಕೂತಿರುವಾಗ ಟ್ರಾಫಿಕ್ ದೀಪದ ಚಿತ್ರ ಯಾರನ್ನೂ ತಡೆಯಲಿಲ್ಲ, ನಮ್ಮ ಹಿರಿಯ ಸದಸ್ಯರನ್ನು ಬಿಟ್ಟು. ಒಟ್ಟು ಹದಿನಾರು ಸಾವಿರದ ಆಸುಪಾಸು ಕೈ ಬಿಟ್ಟಿತು, ಅಷ್ಟೂ ನಮ್ಮ ಜೇಬಿನದು.

ಕೊನೆಗೆ ಕೆಲಸ ಮಾಡಿದ್ದು, ಮೀಡಿಯಾವಿಕಿಗೆ ಸೇರಿಸುವ ಕ್ಯಾಪ್ಚಾ ವಿಸ್ತರಣೆಯಾದ ಕನ್ಫರ್ಮ್‌ಎಡಿಟ್‌ನ ಜೊತೆಗೇ ಬರುವ, ಒಂದು ಪೈಸೆ ಖರ್ಚಿಲ್ಲದ ಕ್ವೆಸ್ಟಿಕ್ಯಾಪ್ಚಾ, ಅಂದರೆ ನಾವೇ ಬರೆದ ಪ್ರಶ್ನೆಗೆ ಉತ್ತರ ಕೇಳುವ ಸೌಲಭ್ಯ. ಮೊದಲ ಪ್ರಯೋಗವಾಗಿ ಕನ್ನಡ ಅಂಕಿಗಳಲ್ಲಿ ‘೩ + ೪ ಎಷ್ಟು’ ಎಂದು ಕೇಳಿದೆ. ಒಂಬತ್ತು ದಿನ ಸಂಪೂರ್ಣ ನಿಶ್ಶಬ್ದ. ಹತ್ತನೆಯ ದಿನ ಬೆಳಗಾಗುವುದರೊಳಗೆ ನೂರ ನಲವತ್ತು ಖಾತೆಗಳು. ಯಾರೋ ಒಬ್ಬರು ಒಮ್ಮೆ ಉತ್ತರ ಹುಡುಕಿ ಪ್ರಶ್ನೋತ್ತರದ ಪಟ್ಟಿಗೆ ಸೇರಿಸಿದರೆ ಸಾಕು, ಆಮೇಲೆ ಬಾಟ್ ಓದಬೇಕಾಗಿಯೇ ಇಲ್ಲ. ಹಾಗಾಗಿ ಪ್ರಶ್ನೆ ಕಠಿಣವಾಗಿರುವುದಕ್ಕಿಂತ ಹಳೆಯದಾಗದಿರುವುದು ಮುಖ್ಯವೆಂದು ತೀರ್ಮಾನಿಸಿ, ನಲವತ್ತಕ್ಕೂ ಹೆಚ್ಚು ಪ್ರಶ್ನೆ ಬರೆದು, ತಾನಾಗಿಯೇ ಬದಲಾಗುವಂತೆ ಮಾಡಿದೆ. ಬದಲಾಗುವ ಕ್ರಮವನ್ನು ಇಲ್ಲಿ ಹೇಳುವುದಿಲ್ಲ.

ಈಗ ಕೈಬಿಟ್ಟಿರುವ ಒಂದು ಪ್ರಶ್ನೆಯನ್ನು ಹೇಳಬಹುದು: ‘ರಾಗಿ ಹಿಟ್ಟಿನಿಂದ ಮಾಡಿ, ಸಾರಿನಲ್ಲಿ ಅದ್ದಿ ನುಂಗುವ ಉಂಡೆಗೆ ಏನೆನ್ನುತ್ತಾರೆ?’ ಉತ್ತರವಾಗಿ ‘ಮುದ್ದೆ’ ಎಂದು ಕೊಟ್ಟು ನಿಶ್ಚಿಂತನಾಗಿದ್ದೆ. ಮರುದಿನವೇ ತುರುವೇಕೆರೆ ಕಡೆಯ ಶಿಕ್ಷಕಿಯೊಬ್ಬರ ಫೋನು. “ಸಾರ್, ಮೂರು ಸಲ ಬರೆದೆ, ತಪ್ಪು ಅಂತಿದೆ. ನಾವು ಹಿಟ್ಟು ಅಂತೀವಲ್ಲ, ನೀವೇನಂತೀರಿ?” ನಮ್ಮ ಮನೆಯಲ್ಲೂ ಅಜ್ಜಿ ‘ಹಿಟ್ಟು ಉಂಡೆಯೇನೋ’ ಎಂದೇ ಕೇಳುತ್ತಿದ್ದುದು ಆಗ ನೆನಪಾಯಿತು. ಉತ್ತರದ ಜಾಗದಲ್ಲಿ ಒಂದೇ ಪದದ ಬದಲು ಪದಗಳ ಸಾಲನ್ನೇ ಕೊಡಲು ಅವಕಾಶವಿರುವುದರಿಂದ ಹಿಟ್ಟು, ಮುದ್ದೆ, ರಾಗಿಮುದ್ದೆ, ರಾಗಿ ಮುದ್ದೆ, ಜೊತೆಗೆ ರೋಮನ್ ಅಕ್ಷರದ ರೂಪಗಳನ್ನೂ ಸೇರಿಸಿದೆ. ಹೊಸ ಸದಸ್ಯರಲ್ಲಿ ಹತ್ತಕ್ಕೆ ನಾಲ್ವರು ರೋಮನ್‌ನಲ್ಲೇ ಉತ್ತರಿಸುತ್ತಾರೆ. ‘ಸಿದ್ಧಗಂಗಾ’ ಎಂಬ ಉತ್ತರವನ್ನು ಮಹಾಪ್ರಾಣವಿಲ್ಲದೆ ಬರೆಯುವವರೇ ಹೆಚ್ಚು, ಅದನ್ನೂ ಒಪ್ಪಿಕೊಂಡೆ. ಇನ್ನೊಂದು ಉತ್ತರ ಯಾರು ಬರೆದರೂ ತಪ್ಪಾಗುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ, ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಹಳೆಯ ಕಡತದಿಂದ ನಕಲಿಸಿದ ಆ ಪದದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುವುದು ಗೊತ್ತಾಯಿತು. ಅಂದಿನಿಂದ ಉತ್ತರಗಳನ್ನು ಕೈಯಲ್ಲೇ ಟೈಪ್ ಮಾಡುತ್ತೇನೆ.

ಪ್ರಶ್ನೆಯನ್ನು ದಾಟಿ ಬಂದವರಿಗಾಗಿ, ಸಂಪಾದನೆಗಳನ್ನು ನಿಯಮಕ್ಕೆ ಹೋಲಿಸಿ ತಡೆಯುವ ಅಬ್ಯೂಸ್‌ಫಿಲ್ಟರ್‌ನಲ್ಲಿ ಒಂದೇ ನಿಯಮ ಬರೆದಿದ್ದೇನೆ. ಖಾತೆ ಹೊಸದು, ಸೇರಿಸಿದ ಸಾಲುಗಳಲ್ಲಿ ಹೊರಗಿನ ಕೊಂಡಿಯಿದೆ, ಆ ಸಾಲುಗಳಲ್ಲಿ ಕನ್ನಡ ಅಕ್ಷರಗಳ ಪಾಲು ತೀರಾ ಕಡಿಮೆ: ಈ ಮೂರೂ ಕೂಡಿದರೆ ಉಳಿಸಲು ಬಿಡುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗವಿರುವುದರಿಂದ ಅಕ್ಷರ ಎಣಿಸುವುದು, ಅದರಲ್ಲಿ ‘ಆರ್‌ಕೌಂಟ್’ ಎಂಬ ಎಣಿಕೆಯ ಆದೇಶ ಇರುವಾಗ, ಒಂದು ಸಾಲಿನ ಕೆಲಸ. ಪಾಲು ಎಷ್ಟಿರಬೇಕೆಂಬುದನ್ನು ನಿಮ್ಮ ತಾಣದ ಬರಹ ನೋಡಿ ನೀವೇ ಕಂಡುಕೊಳ್ಳಿ. ಎರಡು ವಾರ ದಾಖಲಿಸುವುದಷ್ಟನ್ನೇ ಮಾಡಿಸಿ ಆಮೇಲೆ ತಡೆಯಲು ಹಚ್ಚಿದೆ, ಅದು ಒಳ್ಳೆಯದೇ ಆಯಿತು. ರೈಸ್ ಅವರ ಇಂಗ್ಲಿಷ್ ಅನುವಾದವನ್ನು ಕೊಂಡಿಯ ಸಮೇತ ಅಂಟಿಸಿದ ಹೊಸ ಸದಸ್ಯರೊಬ್ಬರು ಇಲ್ಲವಾದರೆ ಹೊರಗುಳಿಯುತ್ತಿದ್ದರು. ಆದರೂ ಒಂದು ತಪ್ಪು ಉಳಿಯಿತು. ನಿಯಮವನ್ನು ಲೇಖನಗಳಿಗೆ ಮಾತ್ರ ಅನ್ವಯಿಸಿದ್ದೆ, ಬಾಟ್‌ಗಳು ತಮ್ಮ ತಮ್ಮ ಸದಸ್ಯರ ಪುಟಗಳಲ್ಲಿ ಕೂತು ನಾನೂರು ಜಾಹೀರಾತು ಬರೆದುಕೊಂಡಿದ್ದವು. ನೋಂದಣಿ ನಮೂನೆಯಲ್ಲಿ ಮನುಷ್ಯರಿಗೆ ಕಾಣದ, ಬಾಟ್ ಮಾತ್ರ ತುಂಬುವ ಒಂದು ಖಾಲಿ ಜಾಗವನ್ನೂ ಇಟ್ಟಿದ್ದೇನೆ. ಅದರ ಹೆಸರು ಗುಟ್ಟಾಗಿಯೇ ಇರಲಿ.

ಈ ಉತ್ಸಾಹದಲ್ಲಿ, ಬಾಟ್ ಎಂದು ಖಚಿತವಾದವುಗಳಿಗೆ ಬೇಕೆಂದೇ ನಿಧಾನವಾಗಿ ಉತ್ತರ ಕೊಟ್ಟು ಅವುಗಳ ಸಮಯ ಹಾಳು ಮಾಡಬೇಕೆಂದು ಒಂದು ತುಣುಕು ಕೋಡ್ ಬರೆದೆ. ಪ್ರತಿಯೊಂದನ್ನೂ ಮೂವತ್ತು ಸೆಕೆಂಡು ಕಾಯಿಸುವುದು ಯೋಜನೆ. ನಮ್ಮಲ್ಲಿದ್ದದ್ದು ಎಂಟು ಪಿಎಚ್‌ಪಿ ವರ್ಕರ್‌ಗಳು, ಅಂದರೆ ಒಮ್ಮೆಗೆ ಎಂಟು ಕೋರಿಕೆಗಳಿಗಷ್ಟೇ ಉತ್ತರ ಕೊಡಬಹುದು. ಎಂಟು ಬಾಟ್‌ಗಳು ಬಂದು ಕಾಯುತ್ತಾ ಕೂತವು, ಸದಸ್ಯರೆಲ್ಲ ಅವುಗಳ ಹಿಂದೆ ಸಾಲು ನಿಂತರು, ತಾಣ ಒಂದು ಮಧ್ಯಾಹ್ನವಿಡೀ ತೆರೆಯಲಿಲ್ಲ.

ಹಳೆಯ ಕಸ ತೆಗೆಯುವುದೂ ಸುಲಭವಾಗಲಿಲ್ಲ. ಪುಟಗಳನ್ನು ಒಟ್ಟಿಗೆ ಅಳಿಸುವ ನ್ಯೂಕ್ ವಿಸ್ತರಣೆಗೆ ಕಾಣುವುದು ‘ಇತ್ತೀಚೆಗಿನ ಬದಲಾವಣೆಗಳು’ ಪಟ್ಟಿಯಲ್ಲಿ ಉಳಿದಿರುವ ಸುಮಾರು 90 ದಿನಗಳ ಪುಟಗಳು ಮಾತ್ರ, ಉಳಿದದ್ದಕ್ಕೆ ಶೀರ್ಷಿಕೆಗಳ ಪಟ್ಟಿ ಮಾಡಿ, ಪಟ್ಟಿ ನೋಡಿ ಅಳಿಸುವ ‘ಡಿಲೀಟ್‌ಬ್ಯಾಚ್’ ಸ್ಕ್ರಿಪ್ಟ್ ಓಡಿಸಿದೆ. ಹನ್ನೊಂದು ಸಾವಿರ ಪುಟ ಅಳಿಸಿದರೂ ಡಿಸ್ಕ್‌ನಲ್ಲಿ ಜಾಗ ಬಿಡುವಾಗಲಿಲ್ಲ, ಏಕೆಂದರೆ ಅಳಿಸಿದ ಪುಟಗಳ ಆವೃತ್ತಿಗಳನ್ನು ಮೀಡಿಯಾವಿಕಿ ಬೇರೆ ಕೋಷ್ಟಕದಲ್ಲಿ ಜೋಪಾನವಾಗಿಡುತ್ತದೆ. ಬ್ಯಾಕಪ್ ತೆಗೆದುಕೊಂಡು ಅವುಗಳನ್ನೂ ತೊಳೆದು, ಕೋಷ್ಟಕಗಳಿಗೆ ಖಾಲಿ ಜಾಗವನ್ನು ಮರಳಿ ಬಿಡಿಸುವ ‘ಆಪ್ಟಿಮೈಸ್’ ಆದೇಶ ಕೊಟ್ಟ ಮೇಲೆ ನಾಲ್ಕು ಜಿಬಿ ಚಿಲ್ಲರೆಯಷ್ಟಿದ್ದ ಡೇಟಾಬೇಸ್ ಮುನ್ನೂರು ಎಂಬಿಗೆ ಇಳಿಯಿತು, ನಾವೂ ಐನೂರು ರೂಪಾಯಿಯ ಸರ್ವರ್‌ಗೆ ಮರಳಿದೆವು.

ಈಗ ಬರುವ ಎರಡು ಮೂರು ಸ್ಪ್ಯಾಮ್‌ಗಳು ಕನ್ನಡದಲ್ಲೇ ಇರುತ್ತವೆ. ಕಳೆದ ತಿಂಗಳು ಶಿರಾದ ಕೆರೆಯೊಂದರ ಪುಟದಲ್ಲಿ ‘ನಿಮ್ಮ ಕನಸಿನ ಸಾಲವನ್ನು ಇಂದೇ ಅನ್ವಯಿಸಿ’ ಎಂಬ ಸಾಲು ಕಾಣಿಸಿತು. ಪ್ರಶ್ನೆಗೆ ಸರಿಯುತ್ತರ ಕೊಟ್ಟಿದೆ, ಲಿಪಿಯ ಪಾಲೂ ಸರಿಯಿದೆ, ಬರೆದದ್ದು ಮಾತ್ರ ಯಂತ್ರಾನುವಾದದ ಕನ್ನಡ. ಇಂಥ ಹದಿನೈದಿಪ್ಪತ್ತು ನುಡಿಗಟ್ಟುಗಳನ್ನು ಕಲೆಹಾಕಿ ಎರಡನೆಯ ಫಿಲ್ಟರ್ ಬರೆದಿದ್ದೇನೆ. ಸದ್ಯಕ್ಕೆ ಅದು ದಾಖಲಿಸುತ್ತಿದೆಯಷ್ಟೇ. ಮೇಷ್ಟ್ರ ಬರಹ ಯಾವುದೂ ಅದರಲ್ಲಿ ಸಿಕ್ಕಿಬಿದ್ದಿಲ್ಲವೆಂದು ಖಾತ್ರಿಯಾದ ಮೇಲೆ ತಡೆಯಲು ಹಚ್ಚುತ್ತೇನೆ.