ಷೆವಿ 350 ಬಿಚ್ಚಿ ಕಟ್ಟುವಾಗ ಆಯಿಲ್ ಹೋಗುವ ದಾರಿ

ಹೊಸದಾಗಿ ಕಟ್ಟಿದ ಷೆವ್ರೊಲೆ ಸ್ಮಾಲ್ ಬ್ಲಾಕ್ (ಷೆವಿಯ ಚಿಕ್ಕ ಗಾತ್ರದ V8) ಇಂಜಿನ್ ಕೈಕೊಡುವುದಿದ್ದರೆ ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲೇ ಕೈಕೊಡುತ್ತದೆ. ಆಯಿಲ್ ಹೋಗಬೇಕಾದ ಜಾಗಕ್ಕೆ ಹೋಗಿರುವುದಿಲ್ಲ, ಇಲ್ಲವೇ ಆಯಿಲ್ ಜೊತೆ ಹೋಗಬಾರದ್ದು ಹೋಗಿರುತ್ತದೆ. ಅದಕ್ಕೇ 350 ಘನ ಅಂಗುಲದ ಇಂಜಿನ್ ಕಟ್ಟಲು ಕೂತಾಗ ಕ್ರೋಮ್ ಕವರು, ದೊಡ್ಡ ಕಾರ್ಬ್ಯುರೇಟರು ಇವನ್ನೆಲ್ಲ ಪಕ್ಕಕ್ಕಿಟ್ಟು, ಆಯಿಲ್ ಪ್ಯಾನಿನಿಂದ ವಾಲ್ವ್ ಒತ್ತುವ ರಾಕರ್ ತನಕದ ದಾರಿಯನ್ನು ಮೊದಲು ನೋಡುತ್ತೇನೆ. ಇಲ್ಲಿ ಬರೆದಿರುವುದು 1985ರವರೆಗಿನ, ಹಿಂದಿನ ಆಯಿಲ್ ಸೀಲು ಎರಡು ತುಂಡಾಗಿ ಬರುವ, ಫ್ಲಾಟ್ ಟ್ಯಾಪೆಟ್ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್; ಅದರ ಲೋಬ್ ಅಂದರೆ ಉಬ್ಬುಗಳ ಮೇಲೆ ಉರುಳೆ ಇಲ್ಲದ ಲಿಫ್ಟರ್ ಕೂರುತ್ತದೆ) ಇರುವ ಇಂಜಿನ್‌ಗಳ ಲೆಕ್ಕ.

ಸ್ಮಾಲ್ ಬ್ಲಾಕ್ ಬಂದದ್ದು 1955ರಲ್ಲಿ, 265 ಘನ ಅಂಗುಲದ್ದು. 350 ಬಂದದ್ದು 1967ರ ಕಮಾರೊದಲ್ಲಿ. ಹೊರಗಿನಿಂದ 305, 350 ಎರಡೂ ಒಂದೇ ಥರ ಕಾಣುವುದರಿಂದ ಹಳೇ ಬ್ಲಾಕ್ ಕೊಳ್ಳುವಾಗ ಮಾರುವವರ ಮಾತು ನಂಬಬೇಡಿ. ಗೇರ್‌ಬಾಕ್ಸ್ ಕೂರುವ ಅಂಚಿನ ಮೇಲೆ, ಡ್ರೈವರ್ ಬದಿಯಲ್ಲಿ ಎರಕದ ನಂಬರ್ ಇರುತ್ತದೆ. 3970010 ಕಂಡರೆ ಹೆಚ್ಚಾಗಿ 350. ಆದರೂ ಹೆಡ್ ಎತ್ತಿ ಬೋರ್ (ಸಿಲಿಂಡರಿನ ಒಳವ್ಯಾಸ) ಅಳೆಯಿರಿ: 350ರದ್ದು 4.000 ಅಂಗುಲ, 305ರದ್ದು 3.736. ಬ್ಲಾಕಿನ ಮುಂದೆ, ಪ್ಯಾಸೆಂಜರ್ ಬದಿಯ ಹೆಡ್ಡಿನ ಎದುರಿಗೆ ಚಿಕ್ಕ ಸಮತಟ್ಟು ಜಾಗದಲ್ಲಿ ಹೊಡೆದ ಅಕ್ಷರಗಳಿರುತ್ತವೆ. V ಎಂದು ಶುರುವಾದರೆ ಮಿಶಿಗನ್‌ನ ಫ್ಲಿಂಟ್, T ಆದರೆ ನ್ಯೂಯಾರ್ಕ್‌ನ ಟೊನವಾಂಡ ಕಾರ್ಖಾನೆ. ಗಾಡಿಯ ಮೂಲ ಇಂಜಿನ್ನೇ ಆಗಿದ್ದರೆ ಮಷೀನ್ ಶಾಪಿನಲ್ಲಿ ಬ್ಲಾಕಿನ ಮೇಲ್ಮೈ ಕೆರೆಸುವ ಮೊದಲು ಎರಡು ಸಲ ಯೋಚಿಸಿ. ಆ ನಂಬರ್ ಅಳಿದರೆ ಗಾಡಿಯ ಬೆಲೆಯೂ ಅದರ ಜೊತೆಗೇ ಇಳಿಯುತ್ತದೆ. ಕ್ರ್ಯಾಂಕ್ ಕೂರುವ ಮೇನ್ ಬೇರಿಂಗಿಗೆ ನಾಲ್ಕು ಬೋಲ್ಟ್ ಇರುವ ಬ್ಲಾಕೇ ಬೇಕೆಂಬ ಹುಚ್ಚು ಅನೇಕರಿಗಿದೆ. ರಸ್ತೆಯಲ್ಲಿ ಓಡಿಸುವ ಗಾಡಿಗೆ ಎರಡು ಬೋಲ್ಟಿನದ್ದು ಧಾರಾಳವಾಗಿ ಸಾಕು.

ರಿಂಗ್ ಓಡಾಡುವ ಮೇಲ್ತುದಿಗೂ ಕೆಳತುದಿಗೂ ಬೋರ್ ಅಳತೆಯಲ್ಲಿ 5 ಥೌಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಇಂಜಿನ್ ಬೋರಿಗೆ ಬಂದಿದೆ ಎಂದೇ ಲೆಕ್ಕ. ಒಂದು ಥೌ ಅಂದರೆ ಅಂಗುಲದ ಸಾವಿರ ಭಾಗಗಳಲ್ಲಿ ಒಂದು. ಸಾಮಾನ್ಯವಾಗಿ 30 ಥೌ ದೊಡ್ಡದು ಮಾಡಿಸುತ್ತಾರೆ, ಆಗ 350 ಹೋಗಿ 355 ಆಗುತ್ತದೆ. ಪಿಸ್ಟನ್ ಕೈಗೆ ಬಂದ ಮೇಲೆ ಒಂದೊಂದನ್ನೂ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಿಸಬೇಕು, ಪಿಸ್ಟನ್ ಬರುವ ಮೊದಲೇ ಅಲ್ಲ.

ಹೋನಿಂಗ್ (ಬೋರನ್ನು ಕಲ್ಲಿನಿಂದ ಉಜ್ಜುವುದು) ಆದ ಬ್ಲಾಕನ್ನು ಪೆಟ್ರೋಲ್, ಥಿನ್ನರ್ ಹಾಕಿ ಒರೆಸಿದರೆ ಜಿಡ್ಡು ಹೋಗುತ್ತದೆ, ಕಲ್ಲಿನ ಪುಡಿ ಗೆರೆಗಳೊಳಗೇ ಕೂರುತ್ತದೆ. ಬಿಸಿನೀರು, ಸೋಪು, ಗಡುಸು ಬ್ರಷ್ಷು ಬೇಕು. ಆಯಿಲ್ ಗ್ಯಾಲರಿಗಳ (ಬ್ಲಾಕಿನೊಳಗಿನ ಆಯಿಲ್ ದಾರಿಗಳ) ಪ್ಲಗ್ ಎಲ್ಲ ತೆಗೆದು, ಬಂದೂಕಿನ ನಳಿಕೆ ತೊಳೆಯುವಂಥ ಉದ್ದ ಬ್ರಷ್ ತೂರಿಸಿ ತೊಳೆಯಬೇಕು. ಒಣಗಿಸಿದ ತಕ್ಷಣ ಬೋರಿಗೆ ಆಯಿಲ್ ಸವರಿ, ಇಲ್ಲದಿದ್ದರೆ ನೋಡನೋಡುತ್ತಲೇ ಕೆಂಪು ತುಕ್ಕು ಹಿಡಿಯುತ್ತದೆ. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಬೋರ್ ಉಜ್ಜಿದರೆ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆಯೇ? ಮತ್ತೆ ತೊಳೆಯಿರಿ. ಹೊಸ ರಿಂಗುಗಳನ್ನು ತಿಂದುಹಾಕುವುದು ಈ ಪುಡಿಯೇ.

ಈಗ ಪ್ಲಗ್‌ಗಳು. ಬ್ಲಾಕಿನ ಮುಂಭಾಗದಲ್ಲಿ, ಟೈಮಿಂಗ್ ಗೇರಿನ ಹಿಂದೆ, ಒತ್ತಿ ಕೂರಿಸುವ ಮೂರು ಪ್ಲಗ್ ಇವೆ. ಒಂದು ಮರೆತರೂ ಪ್ರೆಶರ್ ಬರುವುದಿಲ್ಲ, ಸರಿಮಾಡಲು ಮುಂಭಾಗವನ್ನೆಲ್ಲ ಬಿಚ್ಚಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ: ಹಿಂದಿನ, ಅಂದರೆ ಐದನೇ ಮೇನ್ ಕ್ಯಾಪ್ ತೆಗೆದರೆ ಪಂಪಿನಿಂದ ಆಯಿಲ್ ಬರುವ ತೂತು ಕಾಣುತ್ತದಲ್ಲ, ಅದರೊಳಗೆ ಒಂದು ಸಣ್ಣ ಪ್ಲಗ್. ನೇರವಾಗಿ ಮೇಲೆ ಹೋಗಬಹುದಾಗಿದ್ದ ಆಯಿಲನ್ನು ತಡೆದು ಫಿಲ್ಟರ್ ಕಡೆಗೆ ತಿರುಗಿಸುವುದೇ ಅದರ ಕೆಲಸ. ಮಷೀನ್ ಶಾಪಿನವರು ತೊಳೆಯಲು ತೆಗೆದು ವಾಪಸ್ ಹಾಕದಿದ್ದರೂ ಗೇಜಿನಲ್ಲಿ ಪ್ರೆಶರ್ ಸರಿಯಾಗಿಯೇ ತೋರಿಸುತ್ತದೆ. ಆದರೆ ಆಯಿಲ್ ಫಿಲ್ಟರಾಗದೆ ಬೇರಿಂಗಿಗೆ ಹೋಗುತ್ತಿರುತ್ತದೆ. ಕ್ರ್ಯಾಂಕ್ ಇಡುವ ಮೊದಲು ಒಂದು ತಂತಿ ತೂರಿಸಿ, ತಡೆ ಸಿಗುತ್ತದೆಯೇ ನೋಡಿ.

ಬೇರಿಂಗ್ ಸಂದು ನೋಡಲು ಪ್ಲಾಸ್ಟಿಗೇಜ್ (ಬಿಗಿದಾಗ ಚಪ್ಪಟೆಯಾಗಿ ಸಂದು ತೋರಿಸುವ ಮೆದು ಎಳೆ) ಸಾಕು. ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ), ಬೇರಿಂಗ್ ಎರಡೂ ಒಣಗಿರಬೇಕು, ಕ್ಯಾಪ್ ಬಿಗಿದ ಮೇಲೆ ಕ್ರ್ಯಾಂಕ್ ತಿರುಗಿಸಲೇಬಾರದು. ಮೇನ್ ಜರ್ನಲ್ 2.45 ಅಂಗುಲ, ಅಲ್ಲಿ 2ರಿಂದ 2.5 ಥೌ ಸಂದು ಇಷ್ಟಪಡುತ್ತೇನೆ. ರಾಡ್ ಜರ್ನಲ್ 2.10, ಅಲ್ಲಿ 2 ಥೌ ಆಸುಪಾಸು. ಒಂದೇ ಜಾಗದಲ್ಲಿ ವಿಚಿತ್ರ ಅಳತೆ ಬಂದರೆ ಕ್ರ್ಯಾಂಕ್ ಮೇಲೆ ಅನುಮಾನಪಡುವ ಮೊದಲು ಬೇರಿಂಗ್ ಶೆಲ್ ತೆಗೆದು ಅದರ ಬೆನ್ನು ನೋಡಿ. ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡಿದ್ದರೂ ಸಂದು ಬದಲಾಗುತ್ತದೆ. ಮೇನ್ ಬೋಲ್ಟಿಗೆ 70 ಅಡಿ-ಪೌಂಡ್, ರಾಡಿನ 3/8 ನಟ್ಟಿಗೆ 45, ಎರಡಕ್ಕೂ ಮರೆಗಳಿಗೆ (ತಿರುಪಿನ ಗೆರೆಗಳಿಗೆ) ಆಯಿಲ್ ಸವರಿಯೇ. ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಇರುವುದು ಐದನೇ ಕ್ಯಾಪಿನಲ್ಲಿ. ಅದನ್ನು ಪೂರ್ತಿ ಬಿಗಿಯುವ ಮೊದಲು ಕ್ರ್ಯಾಂಕನ್ನು ಹಿಂದಕ್ಕೂ ಮುಂದಕ್ಕೂ ಮೀಟಬೇಕು, ಆಗ ಎರಡೂ ಅರ್ಧ ಒಂದೇ ಸಾಲಿಗೆ ಬರುತ್ತವೆ.

ಹಿಂದಿನ ಸೀಲಿನ ತುಟಿ ಇಂಜಿನ್ ಒಳಗಡೆಗೆ ಮುಖ ಮಾಡಿರಬೇಕು. ಎರಡು ತುಂಡು ಕೂಡುವ ಜಾಗ ಕ್ಯಾಪ್ ಕೂಡುವ ಗೆರೆಗೇ ಬರದಂತೆ 3/8 ಅಂಗುಲ ಸರಿಸಿ ಕೂರಿಸಿ. ಬ್ಲಾಕಿನ ಚೂಪು ಅಂಚು ಸೀಲಿನ ಬೆನ್ನನ್ನು ಹೆರೆಯದಂತೆ ತೆಳು ಪ್ಲಾಸ್ಟಿಕ್ ಪಟ್ಟಿ ಅಡ್ಡ ಹಿಡಿದು ಜಾರಿಸಬೇಕು.

ಪಿಸ್ಟನ್ ರಿಂಗಿನ ಬಾಯಿ (ಎರಡು ತುದಿಗಳ ನಡುವಿನ ಸಂದು) ಬೋರಿನ ಪ್ರತಿ ಅಂಗುಲಕ್ಕೆ 4 ಥೌ ಲೆಕ್ಕದಲ್ಲಿ 16 ಥೌ. ಪಿಸ್ಟನ್ ಇಳಿಸುವಾಗ ರಾಡ್ ಬೋಲ್ಟುಗಳಿಗೆ ಪೆಟ್ರೋಲ್ ಪೈಪಿನ ತುಂಡು ಸಿಕ್ಕಿಸಿ, ಬೋಲ್ಟ್ ತುದಿ ಜರ್ನಲ್ಲಿಗೆ ತಾಕಿ ಗೀರಬಾರದು. ಒಂದು ಜರ್ನಲ್ ಮೇಲೆ ಎರಡು ರಾಡ್ ಕೂರುತ್ತವೆ. ಅಗಲವಾಗಿ ಇಳಿಜಾರು ಕೊರೆದ ಬದಿ ಕ್ರ್ಯಾಂಕಿನ ಕೆನ್ನೆಗೆ, ಚಪ್ಪಟೆ ಬದಿ ಪಕ್ಕದ ರಾಡಿಗೆ.

ಆಯಿಲ್ ಪಂಪ್ ಹೊಸದೇ ಹಾಕಿ, ಹೆಚ್ಚು ಪ್ರೆಶರಿನದ್ದು ಬೇಕಿಲ್ಲ. ಪ್ಯಾನಿನಿಂದ ಆಯಿಲ್ ಹೀರುವ ಪಿಕಪ್ ನಳಿಕೆ ಬರೀ ಒತ್ತಿ ಕೂರಿಸಿದ್ದಾದ್ದರಿಂದ ಓಡುತ್ತ ಸಡಿಲವಾಗುವ ಭಯವಿದೆ. ಪಂಪಿನ ಸ್ಪ್ರಿಂಗ್ ಹೊರತೆಗೆದು, ಒಂದು ಚುಕ್ಕೆ ವೆಲ್ಡ್ ಮಾಡಿಸುವುದು ಒಳ್ಳೆಯದು. ಪಿಕಪ್ಪಿಗೂ ಪ್ಯಾನ್ ತಳಕ್ಕೂ 3/8 ಅಂಗುಲ ಸಂದಿರಲಿ. ಪಂಪನ್ನು ತಿರುಗಿಸುವ ನಡು ಶಾಫ್ಟಿನ ನೈಲಾನ್ ಕಾಲರ್ ಬಿಸಿಗೆ ಪುಡಿಯಾಗುತ್ತದೆ, ಉಕ್ಕಿನ ಕಾಲರ್ ಇರುವುದನ್ನು ತನ್ನಿ.

ಟೈಮಿಂಗ್ ಗೇರಿನ ಚುಕ್ಕೆಗಳಲ್ಲಿ ಬಹಳ ಜನ ಎಡವುತ್ತಾರೆ. ಕ್ರ್ಯಾಂಕಿನ ಚುಕ್ಕೆ ಮೇಲೆ, ಕ್ಯಾಮಿನದ್ದು ಕೆಳಗೆ, ಎರಡೂ ಮುಖಾಮುಖಿ ಬಂದಾಗ ಉರಿಯುವ ಸರದಿ 6ನೇ ಸಿಲಿಂಡರಿನದ್ದು, 1ನೆಯದರದ್ದಲ್ಲ. ಡಿಸ್ಟ್ರಿಬ್ಯೂಟರ್ ಕೂರಿಸುವ ಮುನ್ನ ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಉರಿಯುವ ಕ್ರಮ 1-8-4-3-6-5-7-2.

ಪ್ರತಿ ಹೆಡ್ಡಿಗೆ 17 ಬೋಲ್ಟ್, ಮೂರು ಬೇರೆ ಬೇರೆ ಉದ್ದದವು, ತಳದಲ್ಲಿ ನೀರಿನ ಕೋಣೆಗೆ ತೂರುತ್ತವೆ. ಮರೆಗೆ ಸೀಲರ್ ಹಚ್ಚದಿದ್ದರೆ ನೀರು ಅದರುದ್ದಕ್ಕೂ ಹತ್ತಿ ಮೇಲೆ ಬಂದು ಆಯಿಲಿಗೆ ಸೇರುತ್ತದೆ. ನಡುವಿನಿಂದ ಹೊರಕ್ಕೆ, 25, 45, 65 ಅಡಿ-ಪೌಂಡ್ ಎಂದು ಮೂರು ಹಂತದಲ್ಲಿ ಬಿಗಿಯಿರಿ. ಇಂಟೇಕ್ ಮ್ಯಾನಿಫೋಲ್ಡಿಗೆ 30 ಸಾಕು. ಅದರ ಮುಂದೆ ಹಿಂದೆ ಹಾಕಲು ಬರುವ ಕಾರ್ಕ್ ಪಟ್ಟಿ ಬಿಸಾಡಿ ಸಿಲಿಕೋನ್ ಎಳೆ ಹಾಕಿ. ರಾಕರ್ ನಟ್ಟನ್ನು ಪುಶ್‌ರಾಡ್ ಮೇಲೆ ಕೆಳಗೆ ಅಲುಗಾಡುವುದು ನಿಲ್ಲುವ ತನಕ ತಿರುಗಿಸಿ, ಅಲ್ಲಿಂದ ಇನ್ನರ್ಧ ಸುತ್ತು. ಬೆರಳಲ್ಲಿ ಹೊರಳಿಸಿ ನೋಡುವವರು ಅದು ಬಿಗಿಯಾಯಿತು ಎನಿಸುವಷ್ಟರಲ್ಲಿ ವಾಲ್ವ್ ತೆರೆದೇ ಬಿಟ್ಟಿರುತ್ತಾರೆ.

ಸ್ಟಾರ್ಟ್ ಮಾಡುವ ಮುಂಚೆ ಪ್ರೈಮ್ ಮಾಡುವುದು, ಅಂದರೆ ಇಂಜಿನ್ ಓಡುವ ಮೊದಲೇ ಆಯಿಲ್ ತುಂಬಿಸುವುದು. ಡಿಸ್ಟ್ರಿಬ್ಯೂಟರ್ ತೂತಿನಿಂದ ಉಪಕರಣ ಇಳಿಸಿ ಡ್ರಿಲ್ಲಿನಿಂದ ಪಂಪನ್ನು ಪ್ರದಕ್ಷಿಣೆಯಾಗಿ ತಿರುಗಿಸಬೇಕು. ಉಪಕರಣಕ್ಕೆ ಡಿಸ್ಟ್ರಿಬ್ಯೂಟರ್ ಬುಡದಂಥ ದಪ್ಪ ಬುಶ್ ಇರಲೇಬೇಕು. ಸುಮ್ಮನೆ ಹಳೇ ಸ್ಕ್ರೂಡ್ರೈವರ್ ಕೊರೆದು ಮಾಡಿಕೊಂಡರೆ ಬಲಗಡೆ ಲಿಫ್ಟರ್ ಗ್ಯಾಲರಿ ಅಲ್ಲೇ ತೆರೆದಿರುತ್ತದೆ, ಆಯಿಲ್ ಸೋರಿಹೋಗಿ ಮೇಲೆ ಹತ್ತುವುದಿಲ್ಲ. ಆಯಿಲ್ ಹತ್ತಿದಾಗ ಡ್ರಿಲ್ ತೊದಲಿ ಕೈಗೆ ಭಾರ ಬರುತ್ತದೆ. ಕ್ರ್ಯಾಂಕನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ, 16 ಪುಶ್‌ರಾಡ್‌ಗಳಲ್ಲೂ ಆಯಿಲ್ ಉಕ್ಕುವ ತನಕ ನಿಲ್ಲಿಸಬೇಡಿ.

ಫ್ಲಾಟ್ ಟ್ಯಾಪೆಟ್ ಲಿಫ್ಟರ್ ತಳ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ, ಕ್ಯಾಮ್ ಲೋಬ್ ತುಸು ಓರೆಯಾಗಿರುತ್ತದೆ. ಅದರಿಂದಲೇ ಲಿಫ್ಟರ್ ತಿರುಗುತ್ತದೆ. ತಿರುಗದಿದ್ದರೆ ಒಂದೇ ಜಾಗ ಸವೆದು ಲೋಬ್ ಕರಗುತ್ತದೆ. ಇಂಜಿನ್ ಹೊತ್ತಿದ ಕೂಡಲೇ ಐಡಲ್‌ನಲ್ಲಿ ಬಿಡದೆ ನಿಮಿಷಕ್ಕೆ 2000 ಸುತ್ತಿಗೆ ಏರಿಸಿ, 2000-2500 ನಡುವೆ ಏರಿಳಿಸುತ್ತ 20ರಿಂದ 30 ನಿಮಿಷ ಓಡಿಸಿ. ಅದಕ್ಕೆ ಮೊದಲೇ ಕಾರ್ಬ್ಯುರೇಟರ್ ಬೌಲಿಗೆ ಪೆಟ್ರೋಲ್ ತುಂಬಿ, ರೇಡಿಯೇಟರಿಗೆ ನೀರು ಹಾಕಿ, ಕಿಡಿ ಹಾರುವ ಟೈಮಿಂಗನ್ನು 10-12 ಡಿಗ್ರಿ ಮುಂದಕ್ಕೆ ಇಟ್ಟಿರಬೇಕು. ಸ್ಟಾರ್ಟರ್ ಒಂದೇ ಸಮ ಗಿರಗಿರನೆ ಹೊಡೆದರೆ ಲೋಬ್ ಮೇಲಿನ ಗ್ರೀಸ್ ಒರೆಸಿಹೋಗುತ್ತದೆ. ಈಗಿನ ಕಾರಿನ ಆಯಿಲ್‌ನಲ್ಲಿ ಹಳೆಯದಷ್ಟು ಸತು ಮತ್ತು ರಂಜಕ ಇರುವುದಿಲ್ಲ, ಆದ್ದರಿಂದ ಹೊಸ ಇಂಜಿನ್ ಪಳಗಿಸಲೆಂದೇ ಬರುವ ಬ್ರೇಕ್-ಇನ್ ಆಯಿಲ್ಲೇ ಹಾಕಿ. ಎರಡು ಸ್ಪ್ರಿಂಗಿನ ವಾಲ್ವ್ ಇದ್ದರೆ ಈ ಅರ್ಧ ಗಂಟೆಗೆ ಒಳಗಿನದ್ದನ್ನು ತೆಗೆದಿಡಿ.

ನಿಂತ ಮೇಲೆ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಿ. ಸ್ವಲ್ಪ ಬೂದುಬಣ್ಣದ ಪುಡಿ ಸಹಜ. ಮಿನುಗುವ ಚೂರು ಕಂಡರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕ್ಯಾಮ್ ಅಥವಾ ಲಿಫ್ಟರ್, ಅಂಟದೆ ಮಿಂಚಿದರೆ ಬೇರಿಂಗ್. ಕ್ಯಾಮ್ ಹೋಗಿದ್ದರೆ ಕ್ಯಾಮ್ ಬದಲಿಸಿ ಸುಮ್ಮನಾಗುವಂತಿಲ್ಲ. ಆ ಪುಡಿ ಇಂಜಿನ್ ಪೂರ್ತಿ ತಿರುಗಿರುತ್ತದೆ. ಪ್ಲಗ್ ತೆಗೆದು, ಉದ್ದ ಬ್ರಷ್ ಹಿಡಿದು ಗ್ಯಾಲರಿ ತೊಳೆಯುವುದರಿಂದ ಮತ್ತೆ ಶುರು.