ಸಂತೆಯ ದಿನದ ಸಾಲು: ಮನೋರೋಗದ ಔಷಧ ನಡುವೆ ನಿಲ್ಲದಂತೆ ನಾನು ನೋಡಿಕೊಂಡ ಬಗೆ

ಹೊಸನಗರ ತಾಲ್ಲೂಕಿನ ಒಂದು ಸಂತೆಯೂರಿನಲ್ಲಿ ಸಾಮಾನ್ಯ ವೈದ್ಯನಾಗಿ ಕ್ಲಿನಿಕ್ ನಡೆಸುತ್ತಿರುವ ನಾನು, ತೀವ್ರ ಮನೋರೋಗವಿರುವ ಸುಮಾರು ನಲವತ್ತು ಮಂದಿಗೆ ಐದಾರು ವರ್ಷಗಳಿಂದ ಔಷಧ ಕೊಡುತ್ತಾ ಬಂದಿದ್ದೇನೆ. ಅವರಲ್ಲಿ ಹತ್ತಕ್ಕೆ ಎಂಟು ಮಂದಿ ಇಂದಿಗೂ ತಪ್ಪದೆ ಬರುತ್ತಾರೆ. ನಮ್ಮ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು 2005ರಿಂದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವವರನ್ನು ಹುಡುಕಿ, ಅವರ ಊರಿನ ಸಮೀಪದಲ್ಲೇ ಚಿಕಿತ್ಸೆ ಒದಗಿಸಿದ್ದು ನನ್ನ ಕಣ್ಣ ಮುಂದಿತ್ತು. ನಾನೂ ಹಾಗೆ ಮಾಡುತ್ತೇನೆಂದಾಗ, "ಅವರ ಹಿಂದೆ ದೊಡ್ಡ ಸಂಸ್ಥೆ ಇದೆ ಮಾರಾಯ, ನಿನ್ನ ಹಿಂದೆ ಯಾರಿದ್ದಾರೆ?" ಎಂದು ಸಹಪಾಠಿಗಳೇ ನಕ್ಕಿದ್ದರು. ಈಗ ಅವರಲ್ಲಿ ಇಬ್ಬರು ತಮ್ಮ ರೋಗಿಗಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಶಿಬಿರವನ್ನೇ. ಪೆಂಡಾಲು, ಬ್ಯಾನರು, ಆಟೋದಲ್ಲಿ ಮೈಕು, ಬಂದವರಿಗೆ ಉಪ್ಪಿಟ್ಟು ಎಂದು ಹನ್ನೆರಡು ಸಾವಿರದಷ್ಟು ಖರ್ಚಾಯಿತು. ಮಂಡಿನೋವಿನವರು ಬಂದರು, ಕನ್ನಡಕ ಬೇಕೆಂದವರು ಬಂದರು. ಯಾರಿಗಾಗಿ ಶಿಬಿರ ನಡೆಸಿದೆವೋ ಅವರಲ್ಲಿ ಒಬ್ಬರೂ ಬರಲಿಲ್ಲ. ಸಂಜೆ ಕತ್ತಲಾದ ಮೇಲೆ ಒಬ್ಬ ತಂದೆ ಮನೆಗೇ ಬಂದು, "ಡಾಕ್ಟ್ರೇ, ಮನೇಲಿ ಮದ್ವೆಗೆ ಬಂದ ಹುಡುಗಿ ಇದಾಳೆ, ಆ ಬೋರ್ಡಿನ ಕೆಳಗೆ ಹ್ಯಾಗೆ ಮಗನ್ನ ಕರ್ಕೊಂಡು ಬರ್ಲಿ?" ಎಂದು ಕೇಳಿದರು. ಆಮೇಲೆ ಆಶಾ ಕಾರ್ಯಕರ್ತೆಯೊಬ್ಬರ ಮೂಲಕ ಮಾತ್ರೆಗಳನ್ನು ಮನೆಗೆ ಮುಟ್ಟಿಸಲು ನೋಡಿದೆ. ಬಸುರಿ, ಬಾಣಂತಿ, ಹಸುಗೂಸು ಯಾರೂ ಇಲ್ಲದ ಮನೆಗೆ ಆಶಾ ಏಕೆ ತಿಂಗಳು ತಿಂಗಳು ಹೋಗುತ್ತಾರೆ ಎಂದು ನೆರೆಯವರು ಲೆಕ್ಕ ಹಾಕಿದರು, ಎರಡು ಮನೆಯವರು ಬಾಗಿಲು ಮುಚ್ಚಿಕೊಂಡರು.

ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟದ್ದೂ ಉಳಿಯಲಿಲ್ಲ. ಒಳಗಿನ ಹಳ್ಳಿಯಿಂದ ಶಿವಮೊಗ್ಗಕ್ಕೆ ರೋಗಿಯೊಂದಿಗೆ ಇನ್ನೊಬ್ಬರು ಹೋಗಿಬರಲು ಬಸ್ಸಿಗೆ ನಾನೂರು, ಇಬ್ಬರ ಕೂಲಿ ಹೋದದ್ದು ಸಾವಿರ, ಊಟ ಮತ್ತು ಮಾತ್ರೆ ಸೇರಿ ಇನ್ನೊಂದು ನಾನೂರು ಬೇಕಾಗುತ್ತಿತ್ತು. ಮೂರನೆಯ ತಿಂಗಳಿಗೆ ರೋಗಿ ಸ್ವಲ್ಪ ಸುಧಾರಿಸುತ್ತಾನೆ, ಅಷ್ಟು ಹೊತ್ತಿಗೆ ಮನೆಯವರ ಕೈ ಬರಿದಾಗಿರುತ್ತದೆ, ಮಾತ್ರೆ ನಿಲ್ಲುತ್ತದೆ, ಮಳೆಗಾಲ ಹಿಡಿಯುವಷ್ಟರಲ್ಲಿ ರೋಗ ಮರುಕಳಿಸುತ್ತದೆ. ಇದಕ್ಕೆ ಮೂಢನಂಬಿಕೆಯನ್ನು ದೂರುವುದು ನಮ್ಮಂಥವರಿಗೆ ಸುಲಭ. ನನ್ನ ಪುಸ್ತಕದಲ್ಲಿ ಬಿಟ್ಟುಹೋದವರ ಕಾರಣಗಳನ್ನು ನೋಡಿದರೆ ಹೆಚ್ಚಿನವು ಬಸ್ಸಿನ ದುಡ್ಡು ಮತ್ತು ನಾಲ್ಕು ಜನರ ಕಣ್ಣು.

ಹೀಗಾಗಿ ಸಂತೆಯ ದಿನವನ್ನೇ ಹಿಡಿದೆ. ಅಂದು ಊರಿಗೆ ಯಾರು ಏಕೆ ಬಂದರೆಂದು ಯಾರೂ ಕೇಳುವುದಿಲ್ಲ. ಬಿಪಿ, ಶುಗರ್, ಮನೋರೋಗ ಎಲ್ಲಕ್ಕೂ ಒಂದೇ ಸಾಲು, ಒಂದೇ ಬಣ್ಣದ ಚೀಟಿ, ಒಂದೇ ಬಗೆಯ ಕಾಗದದ ಕವರು. ಇದು ಬರಿಯ ಮರೆಮಾಚುವಿಕೆಯಲ್ಲ. ಮನೋರೋಗಕ್ಕೆ ಕೊಡುವ ಓಲಾಂಜಪಿನ್ ಮಾತ್ರೆ ತೂಕ, ಶುಗರ್ ಏರಿಸಬಲ್ಲದು, ಅದನ್ನು ನುಂಗುವವರಿಗೆ ಇವೆರಡನ್ನೂ ನೋಡಲೇಬೇಕಲ್ಲ. ಆ ಸಾಲಿನಲ್ಲಿ ಎಲ್ಲರಿಗೂ ತಕ್ಕಡಿ, ಎಲ್ಲರಿಗೂ ಬೆರಳಿನ ರಕ್ತ. ಮಾತ್ರೆ ಮರೆಯುವವರಿಗೆ ವಾರಗಟ್ಟಲೆ ಕೆಲಸ ಮಾಡುವ ಫ್ಲುಫೆನಜಿನ್ ಡೆಪೋ ಇಂಜೆಕ್ಷನ್ ಕೊಡುತ್ತೇನೆ. ಮೊದಲ ಸಲ ಅರ್ಧ ಪ್ರಮಾಣ, ಒಗ್ಗಿದರೆ ಮೂರು ನಾಲ್ಕು ವಾರಕ್ಕೊಮ್ಮೆ 25 ಮಿಲಿಗ್ರಾಂ. ನಮ್ಮ ಕಡೆ ಸೂಜಿ ಚುಚ್ಚದ ಡಾಕ್ಟರನ್ನು ಡಾಕ್ಟರೆನ್ನುವುದಿಲ್ಲವಾದ್ದರಿಂದ, ಇಂಜೆಕ್ಷನ್ ಮಾಡಿಸಿಕೊಂಡು ಹೊರಬಂದವನನ್ನು ಯಾವ ಕಾಯಿಲೆಯೆಂದು ಯಾರೂ ವಿಚಾರಿಸುವುದಿಲ್ಲ. ಈ ಔಷಧಗಳಿಂದ ಕೈಕಾಲು ಬಿಗಿಯುವುದಕ್ಕೆ, ಜೊಲ್ಲಿಗೆ ವೈದ್ಯರೆಲ್ಲರೂ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಸಾಕು. ಆಗಾಗ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕಾದ ಕ್ಲೋಜಪಿನ್ ಎಂಬ ಔಷಧ ಬೇಕಾದವರನ್ನು ಮಾತ್ರ ನಾನು ಮುಟ್ಟುವುದಿಲ್ಲ. ಅವರನ್ನು ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ತಜ್ಞರ ಬಳಿಗೆ ಕಳುಹಿಸುತ್ತೇನೆ.

ರುಚಿಯಿಲ್ಲದ ಔಷಧವಿದ್ದರೆ ಕೊಡಿ, ಗಂಜಿಗೆ ಬೆರೆಸುತ್ತೇವೆ ಎಂದು ಕೇಳುವ ಮನೆಯವರು ಬಹಳ. ನಾನು ಕೊಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಒಪ್ಪಿಗೆಯನ್ನು ಕೇಳುತ್ತದೆ ಎಂಬುದು ಹಾಗಿರಲಿ, ಒಂದು ದಿನ ಗುಟ್ಟು ತಿಳಿದರೆ ಆತ ಆ ಮನೆಯ ಅನ್ನವನ್ನೇ ಮುಟ್ಟುವುದಿಲ್ಲ.

ಮೈಮೇಲೆ ಚೌಡಿ ದೇವಿಯ ದರ್ಶನ ಬರುವ ಪಾತ್ರಿಯೊಬ್ಬರ ವಿಷಯವನ್ನು ಹೇಳಲೇಬೇಕು. ತಡೆ ಒಡೆಸಲು, ಅಂದರೆ ಮಾಟ, ಪೀಡೆ ಕಳೆಸಿಕೊಳ್ಳಲು ಅವರಲ್ಲಿಗೆ ಹೋದ ಕುಟುಂಬಗಳು ಹತ್ತಿಪ್ಪತ್ತು ಸಾವಿರ ಕಳೆದುಕೊಂಡು ನನ್ನಲ್ಲಿಗೆ ಬರುತ್ತಿದ್ದವು. ಆ ಪಾತ್ರಿಯೊಂದಿಗೆ ಜಗಳವಾಡಬೇಕೆಂದು ಹಲವರು ಸಲಹೆ ಕೊಟ್ಟರು. ಈಗ ಆ ಪಾತ್ರಿಯೇ ಕುಂಕುಮ ಕೊಟ್ಟು, "ದೇವಿ ತನ್ನ ಕೆಲಸ ಮಾಡ್ತಾಳೆ, ಡಾಕ್ಟ್ರ ಮಾತ್ರೆಯನ್ನೂ ಬಿಡಬೇಡಿ" ಎಂದು ಹೇಳಿ ಕಳುಹಿಸುತ್ತಾರೆ. ವರ್ಷಕ್ಕೆ ನಾಲ್ಕೈದು ಹೊಸ ರೋಗಿಗಳು ಅಲ್ಲಿಂದಲೇ ಬರುತ್ತಾರೆ. ಪಾತ್ರಿಯನ್ನು ಒಪ್ಪಿಸಿದ್ದು ಹೇಗೆಂದು ಇಲ್ಲಿ ಬರೆಯುವುದಿಲ್ಲ. ಹಣ ಕೊಡಲಿಲ್ಲ ಎಂಬುದಷ್ಟನ್ನು ಹೇಳಬಲ್ಲೆ.

ಫೋನು ಸಿಗದ ಊರುಗಳಲ್ಲಿ ಔಷಧಕ್ಕೆ ಬರುವುದನ್ನು ತಪ್ಪಿಸಿದವರಿಗೆ ಖಾಸಗಿ ಬಸ್ಸಿನ ಕಂಡಕ್ಟರರ ಮೂಲಕ "ಬಿಪಿ ಮಾತ್ರೆ ಬಂದಿದೆ" ಎಂದು ಹೇಳಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಟ್ಟಿಗೆ ಎರಡು ತಿಂಗಳ ಔಷಧ ಕೊಡುವುದುಂಟು, ಆದರೆ ಸಾಯುವ ಮಾತಾಡಿದವರಿರುವ ಮನೆಗೆ ಎಷ್ಟೇ ಮಳೆಯಿದ್ದರೂ ಒಮ್ಮೆಲೇ ಹೆಚ್ಚು ನುಂಗಿದರೆ ಪ್ರಾಣಕ್ಕೇ ಅಪಾಯವಾಗುವ ಲಿಥಿಯಂ, ಅಮಿಟ್ರಿಪ್ಟಿಲಿನ್ ಮಾತ್ರೆಗಳನ್ನು ಹೆಚ್ಚಿಗೆ ಕೊಡುವುದಿಲ್ಲ. ಅವರ ಚೀಟಿಯ ಹಿಂದೆ 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆಯನ್ನು ಬರೆದಿರುತ್ತೇನೆ.

ಸುಧಾರಿಸಿದವರಿಗೆ ಕೆಲಸ ಕೊಡಿಸುವ ಪ್ರಯೋಗವನ್ನೂ ಮಾಡಿದೆ. ಅಡಿಕೆ ಸುಲಿಯಲು ಹಚ್ಚಿದರೆ ಮೆಟ್ಟುಗತ್ತಿಯ ಮುಂದೆ ಇವರನ್ನು ಕೂರಿಸಲು ತೋಟದವರೇ ಹೆದರಿದರು. ನನ್ನ ಹೆದರಿಕೆ ಬೇರೆ, ರಾತ್ರಿಯ ಸುಲಿಗೆಯಲ್ಲಿ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಉನ್ಮಾದವಿರುವವರಿಗೆ ರೋಗ ಕೆರಳುತ್ತದೆ. ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಯಂತ್ರ ತಂದೆವು, ಮೊದಲ ಮಳೆಗಾಲದಲ್ಲೇ ಹಾಳೆಗೆ ಬೂಷ್ಟು ಹಿಡಿದು ಮೂವತ್ತು ಸಾವಿರದ ಹತ್ತಿರ ಹೋಯಿತು. ಹಗಲಿನಲ್ಲಿ ಒಣ ಅಡಿಕೆ ಆರಿಸುವ ಕೆಲಸ ಮಾತ್ರ ಹೊಂದಿತು. ಈಗ ಆರೇಳು ಮಂದಿ, ಉಳಿದ ಕೆಲಸದವರಿಗೆ ಸಿಗುವಷ್ಟೇ ಕೂಲಿಗೆ, ಹೋಗುತ್ತಿದ್ದಾರೆ.

ಔಷಧಕ್ಕೆ ತಿಂಗಳಿಗೆ ಆರು ಸಾವಿರ ತಗಲುತ್ತದೆ. ಕೊಡಬಲ್ಲವರಿಂದ ನೂರು ರೂಪಾಯಿ ತೆಗೆದುಕೊಳ್ಳುತ್ತೇನೆ, ಅದರಲ್ಲಿ ಅರ್ಧ ಹುಟ್ಟುತ್ತದೆ. ಉಳಿದುದನ್ನು ಹೆಸರು ಹೇಳಬಾರದೆಂಬ ಷರತ್ತಿನ ಮೇಲೆ ಅಡಿಕೆ ಬೆಳೆಗಾರರೊಬ್ಬರು ಭರಿಸುತ್ತಾರೆ. ದರ ಕುಸಿದ ವರ್ಷ ನನ್ನ ಜೇಬೇ ಗತಿ.

ಇನ್ನೂ ಪೂರ್ತಿ ಗೆಲ್ಲದಿರುವುದು ಅಂಗವೈಕಲ್ಯ ಪ್ರಮಾಣಪತ್ರದ ವಿಷಯದಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿದೆ, ಶೇಕಡಾ 40ರ ಮಿತಿ ದಾಟಿದವರು ಸೌಲಭ್ಯಗಳನ್ನು ಕೇಳಬಹುದು. ಆದರೂ ಅರ್ಹರಲ್ಲಿ ಅರ್ಧದಷ್ಟು ಕುಟುಂಬಗಳು, ಕಾರ್ಡಿನಲ್ಲಿ ಬೇರೆ ಕಾಯಿಲೆ ಬರೆಸಿಕೊಡುವುದಾದರೆ ಮಾತ್ರ ಬರುತ್ತೇವೆ ಎನ್ನುತ್ತವೆ. ಒತ್ತಾಯ ಮಾಡದೆ ಅವರ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟು, ಮನೆಯ ಹೆಣ್ಣುಮಕ್ಕಳ ಮದುವೆ ಮುಗಿದ ಮೇಲೆ ಮತ್ತೆ ಕೇಳುತ್ತೇನೆ. ಹಾಗೆ ಕೇಳಿಸಿಕೊಂಡವರಲ್ಲಿ ಮೂರ್ನಾಲ್ಕು ಮಂದಿ ಈ ವರ್ಷ ಅರ್ಜಿ ಹಾಕಿದ್ದಾರೆ.