ಮೊದಲು ನೆನೆಸಿ, ಆಮೇಲೆ ಕಲಿಸಿ: ಆಂಬುಲೆನ್ಸ್‌ನವರಿಗೆ ಚಳಿಯ ಪಾಠ

ಮಡಿಕೇರಿಯಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ಗಾಯಾಳುವಿನ ಮೈ ತಣ್ಣಗಾಗದಂತೆ ನೋಡಿಕೊಳ್ಳುವ ಈ ಪಾಠವನ್ನು ನಾನು ಮಾಡುವುದು ಜುಲೈನಲ್ಲಿ, ಅಂಗಳದಲ್ಲಿ. ಗಟ್ಟಿಮುಟ್ಟಾದ, ತಾನಾಗಿ ಒಪ್ಪಿದ ಒಬ್ಬರಿಗೆ ಹಳೆ ಹತ್ತಿ ಅಂಗಿ ಹಾಕಿಸಿ, ಒಂದು ಕೊಡ ನೀರು ಸುರಿದು ಸ್ಪೈನ್ ಬೋರ್ಡ್ (ಗಾಯಾಳುವನ್ನು ಮಲಗಿಸಿ ಎತ್ತುವ ಗಟ್ಟಿ ಹಲಗೆ) ಮೇಲೆ ಮಲಗಿಸುತ್ತೇನೆ. ಹತ್ತು ನಿಮಿಷ, ಅಷ್ಟೇ. ಅರ್ಧ ಆಗುವಷ್ಟರಲ್ಲಿ ಹಲ್ಲು ಕಟಕಟ. "ಸಾಕು ಸಿಸ್ಟರ್" ಅಂದ ತಕ್ಷಣ ಎಬ್ಬಿಸಿ ಕಂಬಳಿ ಹೊದಿಸುತ್ತೇನೆ. ಇವರ ಮೂಳೆ ಮುರಿದಿಲ್ಲ, ರಕ್ತ ಹೋಗಿಲ್ಲ. ಆದರೂ ಈ ಗತಿ!

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಸಿಲ್ವರ್ ಓಕ್‌ನಿಂದ ಬಿದ್ದವರೊಬ್ಬರನ್ನು ಮಳೆಯಲ್ಲೇ ಎತ್ತಿಕೊಂಡು ಬಂದೆವು. ತೊಡೆಗೆ ಪಟ್ಟಿ, ಆಕ್ಸಿಜನ್, ಸಲೈನ್, ಎಲ್ಲ ಸರಿ. ಒದ್ದೆ ಅಂಗಿ ಮಾತ್ರ ಮೈಮೇಲೇ ಇತ್ತು. ಆಸ್ಪತ್ರೆಯಲ್ಲಿ ಥರ್ಮಾಮೀಟರ್ ಅಂಕಿ ತೋರಿಸಲಿಲ್ಲ, 'ಲೋ' ಅಂತಷ್ಟೇ ಬಂತು. ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅಳೆಯುವುದೇ ಇಲ್ಲ. ನಿಮ್ಮ ಗಾಡಿಯದ್ದು ಎಲ್ಲಿಯವರೆಗೆ ಅಳೆಯುತ್ತದೆ, ಇವತ್ತೇ ನೋಡಿಕೊಳ್ಳಿ.

ಮೈಯೊಳಗಿನ ಬಿಸಿ 35ಕ್ಕಿಂತ ಇಳಿದರೆ ಹೈಪೋಥರ್ಮಿಯಾ. ಗಾಯಾಳು ಆದರೆ 36ಕ್ಕೇ ಎಚ್ಚೆತ್ತುಕೊಳ್ಳಿ. ಯಾಕೆ ಅಂತ ಕೇಳಿದರೆ ನಾನು ಮೊಸರಿನ ಕತೆ ಹೇಳುತ್ತೇನೆ. ನಮ್ಮ ಮಳೆಗಾಲದಲ್ಲಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಗ್ಗೆ ಹಾಲಾಗಿಯೇ ಇರುತ್ತದೆ, ಅಲ್ವಾ? ರಕ್ತವೂ ಹಾಗೇ. ತಣ್ಣಗಾದರೆ ಸರಿಯಾಗಿ ಹೆಪ್ಪುಗಟ್ಟಲ್ಲ. ರಕ್ತ ಸೋರುತ್ತಲೇ ಇರುತ್ತದೆ, ಸೋರಿದಷ್ಟೂ ಮೈ ಇನ್ನೂ ತಣ್ಣಗಾಗುತ್ತದೆ.

ಹಾಗಾಗಿ ಅಭ್ಯಾಸದಲ್ಲಿ ಮೊದಲು ರಕ್ತ ನಿಲ್ಲಿಸಲಿ. ಆಮೇಲೆ ಕತ್ತರಿ. ಒದ್ದೆ ಬಟ್ಟೆ ಎಳೆಯಬಾರದು, ಕತ್ತರಿಸಬೇಕು. ಟವೆಲ್ ಒತ್ತಿ ಒರೆಸಿ, ಉಜ್ಜಬೇಡಿ. ಎಲ್ಲರೂ ಮೇಲೆ ಹೊದಿಸಲು ಓಡುತ್ತಾರೆ, ಕೆಳಗಿನದು ಮರೆತೇ ಹೋಗುತ್ತದೆ. ನೆಲ ಬಿಸಿ ಹೀರುತ್ತದೆ. ತೋಟದಲ್ಲಿ ಕಾಫಿ ಒಣಗಿಸುವ ಟಾರ್ಪಾಲು, ಗೋಣಿಚೀಲ, ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಕಂಬಳಿ, ಏನಿದೆಯೋ ಅದನ್ನೇ ಕೇಳಿ ತರಿಸಲು ಕಲಿಸಿ. ಹೊರಗೆ ಟಾರ್ಪಾಲು, ಒಳಗೆ ಒಣ ಕಂಬಳಿ, ತಲೆಗೆ ಟೋಪಿ. ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಮತ್ತು ಡ್ರಿಪ್ ಹಾಕಿದ ಕೈ ಕಣ್ಣಿಗೆ ಕಾಣುವಂತೆ ಇರಲಿ. ಶಾಖದ ಪ್ಯಾಕ್ ಇದ್ದರೆ ಬಟ್ಟೆ ಸುತ್ತಿ ಕಂಕುಳಿಗೆ, ಎದೆಗೆ ಇಡಿ. ಬರೀ ಚರ್ಮಕ್ಕೆ ತಾಗಿದರೆ ಸುಡುತ್ತದೆ.

ಗಾಡಿಯಲ್ಲಿ ಎಸಿ ಬಂದ್, ಹೀಟರ್ ಆನ್. ಇಎಂಟಿ (ಗಾಡಿಯಲ್ಲಿ ಗಾಯಾಳುವನ್ನು ನೋಡಿಕೊಳ್ಳುವ ತುರ್ತು ಚಿಕಿತ್ಸಾ ಸಿಬ್ಬಂದಿ) ಬೆವರಿದರೆ ಸರಿಯಾಗಿದೆ ಅಂತ ಅರ್ಥ. ಸಲೈನ್ ಸುಮ್ನೆ ಸುರಿಯುವುದು ಬೇಡ. ರಾತ್ರಿಯಿಡೀ ಗಾಡಿಯಲ್ಲಿದ್ದ ಬಾಟಲಿ ಎಂದರೆ ತಣ್ಣೀರೇ. ವಾರ್ಮರ್ ಇದ್ದರೆ 38ರಿಂದ 42 ಡಿಗ್ರಿಗೆ ಬಿಸಿ ಮಾಡಿ ಕೊಡಿ. ಇಲ್ಲದಿದ್ದರೆ ಬಿಸಿನೀರಲ್ಲಿ ಅದ್ದಿ ಅಂದಾಜಿನ ಮೇಲೆ ಕೊಡುವ ಸಾಹಸ ಮಾಡಬೇಡಿ.

ನಮ್ಮೂರಲ್ಲಿ ಒಂದು ವಿಶೇಷ ಕಷ್ಟ ಇದೆ. ಬಿದ್ದವರ ಪಕ್ಕ ಯಾರಾದರೂ ಹಿರಿಯರು ಬ್ರಾಂಡಿ ಹಿಡಿದು ನಿಂತಿರುತ್ತಾರೆ. ಮದ್ಯ ಚರ್ಮದ ರಕ್ತನಾಳ ತೆರೆಸಿ ಇದ್ದ ಬಿಸಿಯನ್ನೂ ಹೊರಗೆ ಹಾಕುತ್ತದೆ. "ಬೇಡ ಅಜ್ಜ, ಆಪರೇಷನ್ ಆಗಬೇಕು, ಹೊಟ್ಟೆ ಖಾಲಿ ಇರಬೇಕು" ಎಂದರೆ ಜಗಳವಿಲ್ಲದೆ ಮುಗಿಯುತ್ತದೆ. ಇದನ್ನೂ ಅಭ್ಯಾಸ ಮಾಡಿಸುತ್ತೇನೆ. ಅಜ್ಜನ ಪಾತ್ರಕ್ಕೆ ಜಾಸ್ತಿ ಪೈಪೋಟಿ.

ನಡುಕ ನಿಂತರೆ ಹೊಸಬರು ಖುಷಿಪಡುತ್ತಾರೆ. ಮೈ ಬಿಸಿಯಾಗದೆ ನಡುಕ ನಿಂತಿದ್ದರೆ, ಮಾತು ತೊದಲುತ್ತಿದ್ದರೆ, ಅದು ಗಂಭೀರ. ಅಂಥವರನ್ನು ಕುಲುಕಬೇಡಿ, ಹೃದಯದ ಲಯ ತಪ್ಪಬಹುದು. ನಾಡಿ ಸಿಗದಿದ್ದರೆ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಹುಡುಕಿ.

ಮಾರ್ಚ್ ಬಿಸಿಲಲ್ಲಿ ಮೆಣಸು ಕೊಯ್ಯುವಾಗ ಬಿದ್ದವರಿಗೂ ಇದೇ ಕ್ರಮ. ರಕ್ತ ಹೋದ ಮೈಗೆ ಬೇಸಿಗೆ ಗೊತ್ತಾಗುವುದಿಲ್ಲ.

ಮೈಸೂರಿಗೆ ರೆಫರ್ ಆದರೆ ಸುಮಾರು 120 ಕಿಲೋಮೀಟರ್. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಒಂದೊಂದು ಊರು ದಾಟಿದಾಗಲೂ ಬಿಸಿ ಅಳೆದು ಗಂಟೆ ಸಮೇತ ಬರೆಯಿರಿ. ಒಪ್ಪಿಸುವಾಗ ಬಿಪಿಗಿಂತ ಮೊದಲು ಆ ಚೀಟಿ ಕೊಡಿ.